ಹಲ್ಲಿನ ಕುರ್ಚಿಯಲ್ಲಿ ಬ್ಲೂಸ್

ಈ ಊರಿನ ಕಿವಿಗಳನ್ನು ಉದ್ಧಾರ ಮಾಡಿಯೇ ಸಿದ್ಧ ಎಂದು ಹಲ್ಲಿನ ಡಾಕ್ಟರು ಪಣ ತೊಟ್ಟಿದ್ದರು. ಹಲ್ಲಿನ ಡಾಕ್ಟರಿಗೂ ಕಿವಿಗೂ ಏನು ಸಂಬಂಧ ಎಂದು ಕೇಳಬೇಡಿ. ಇದೆ! ಒಳ್ಳೆಯ ಸಂಗೀತದ ಬಗ್ಗೆ ಯಾರಿಗಾದರೂ ನಾಲ್ಕು ಮಾತು ಹೇಳಹೋದರೆ ಅವರು ತಕ್ಷಣ ಬಾಯಿ ತೆರೆದು ವಾದಕ್ಕೆ ನಿಲ್ಲುತ್ತಾರೆ. ಡಾಕ್ಟರ ಕುರ್ಚಿಯಲ್ಲೂ ಬಾಯಿ ತೆರೆಯುತ್ತಾರೆ, ನಿಜ. ಆದರೆ ಅಲ್ಲಿ ಆ ಬಾಯೊಳಗೆ ಹತ್ತಿಯ ಉಂಡೆ, ಪುಟ್ಟ ಕನ್ನಡಿ, ಜೊಲ್ಲು ಹೀರುವ ಕೊಳವೆ ಮತ್ತು ಸ್ವತಃ ಡಾಕ್ಟರ ಎರಡು ಬೆರಳುಗಳು ಇರುತ್ತವೆ. ಇಂಥ ವಿಧೇಯ ಶ್ರೋತೃಗಳು ಯಾವ ಸಂಗೀತ ವಿದ್ವಾಂಸನಿಗೂ ಈತನಕ ಸಿಕ್ಕಿಲ್ಲ!

ಡಾಕ್ಟರಿಗೆ ಬ್ಲೂಸ್ ಎಂಬ ಅಮೆರಿಕದ ಸಂಗೀತದ ಹುಚ್ಚು. ಯಾವ ಚಿಕಿತ್ಸೆಗೆ ಯಾವ ಕಲಾವಿದರು ಎಂಬುದನ್ನೂ ಅವರು ತೀರ್ಮಾನ ಮಾಡಿಬಿಟ್ಟಿದ್ದರು. ಹಲ್ಲು ಉಜ್ಜಿ ಚೊಕ್ಕಟ ಮಾಡುವಾಗ ಬಿ.ಬಿ. ಕಿಂಗ್. "ಬೇರೆಯವರು ನೂರು ಸ್ವರದಲ್ಲಿ ಹೇಳೋದನ್ನ ಇವರು ಒಂದೇ ಸ್ವರದಲ್ಲಿ ಹೇಳಿಬಿಡ್ತಾರೆ. ತಮ್ಮ ಗಿಟಾರಿಗೆ ಲೂಸಿಲ್ ಅಂತ ಹೆಸರಿಟ್ಟಿದ್ದರು, ಗೊತ್ತಾ?" ರೋಗಿ "ಆಂ... ಆಂ..." ಎಂದರೆ ಗೊತ್ತು ಎಂದೇ ಅರ್ಥ. ಹುಳುಕು ತುಂಬಲು ಮಡ್ಡಿ ವಾಟರ್ಸ್. ರೂಟ್ ಕೆನಾಲ್‌ಗೆ ಬ್ಲೂಸ್-ರಾಕ್‌ನ ಸ್ಟೀವಿ ರೇ ವಾನ್; ಆ ಗಿಟಾರಿನ ಓಟದ ಮುಂದೆ ಡ್ರಿಲ್ಲು ಕೂಡ ನಾಚಬೇಕು. ಇನ್ನು ಹಲ್ಲು ಕೀಳುವುದಕ್ಕೆ ಒಬ್ಬರೇ ಒಬ್ಬರು, ಹೌಲಿನ್ ವುಲ್ಫ್! ಹೊಟ್ಟೆಯ ಆಳದಿಂದ ಎದ್ದು, ಗಂಟಲನ್ನು ಕೆರೆದುಕೊಂಡು ಬಂದು, ಕೊನೆಗೆ ತೋಳದಂತೆ ಊಳಿಡುವ ಆ ಧ್ವನಿ ಕೇಳಿದರೆ ದವಡೆ ಹಲ್ಲು ತಾನಾಗಿಯೇ ಸಡಿಲವಾಗುತ್ತದೆ ಎಂದು ಡಾಕ್ಟರು ನಂಬಿದ್ದರು.

ಉತ್ಸಾಹ ಔಷಧದ ಚೀಟಿಗೂ ಹಬ್ಬಿತು. ಒಂದು ದಿನ ಔಷಧದಂಗಡಿಯವನ ಫೋನು.

"ಡಾಕ್ಟ್ರೇ, ಈ ಚೀಟೀಲಿ ಬಿ.ಬಿ. ಕಿಂಗ್, ರಾತ್ರಿ ಊಟದ ಮೇಲೆ ಅಂತ ಬರೆದಿದ್ದೀರಿ. ಮಾತ್ರೇನಾ, ಟಾನಿಕ್ಕಾ? ನಮ್ಮಲ್ಲಿ ಸ್ಟಾಕಿಲ್ಲ. ಬೇರೆ ಕಂಪನೀದು ಕೊಡ್ಲಾ?"

"ಅವರಿಗೆ ಬದಲಿ ಅನ್ನೋದೇ ಇಲ್ಲ ಕಣ್ರೀ!" ಎಂದು ಡಾಕ್ಟರು ಗುಡುಗಿದರು.

ಹೊರಗಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ರೋಗಿಗಳ ಸರದಿ ನೋಡಿಕೊಳ್ಳುತ್ತಿದ್ದವಳು ಅವರ ಹೆಂಡತಿಯೇ. ಒಳಕೋಣೆಗೂ ಹೊರಕೋಣೆಗೂ ನಡುವೆ ಇದ್ದದ್ದು ತೆಳ್ಳನೆಯ ಒಂದು ಪ್ಲೈವುಡ್ ಬಾಗಿಲು.

"ರೀ, ಈ ಬ್ಲೂಸ್ ಅಂದ್ರೆ ಏನ್ರೀ? ಯಾಕೆ ಎಲ್ಲರೂ ಹಾಗೆ ನರಳ್ತಾರೆ?"

"ನೋವು ಕಣೇ, ನೋವು! ಒಳಗೆ ನಿಜವಾದ ನೋವಿದ್ದವನಿಗೆ ಮಾತ್ರ ಇದು ಒಲಿಯೋದು. ಬರೀ ಗಂಟಲಿದ್ದರೆ ಸಾಲದು."

"ಅದಕ್ಕೇ ಹೇಳಿ! ಎರಡು ಹೊತ್ತು ಬಿಸಿ ಊಟ, ಮಧ್ಯಾಹ್ನ ಗಡದ್ದಾಗಿ ನಿದ್ದೆ. ನಿಮಗೆಲ್ಲಿಂದ ಬರಬೇಕು ನೋವು? ನೀವು ಜೊತೆಗೆ ಹಾಡಿದ್ರೆ ಎಣ್ಣೆ ಕಾಣದ ಗೇಟು ತೆಗೆದ ಹಾಗಿರುತ್ತೆ."

ಈ ಮಾತು ಡಾಕ್ಟರಿಗೆ ನಾಟಿತು. ಆದರೆ ನಾಟಿದ್ದನ್ನು ತೋರಿಸಿಕೊಳ್ಳುವ ಜಾತಿ ಅವರದಲ್ಲ.

ಹೀಗಿರುವಾಗ ಮಾವನ ಹಲ್ಲಿನ ಪ್ರಕರಣ ಬಂತು. ಮಾವ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಚಲಿಸುವ ರೈಲಿಗೆ ಹಾರಿ ಹತ್ತಿದವರು, ಕತ್ತಲ ಸುರಂಗಗಳಲ್ಲಿ ಒಂಟಿಯಾಗಿ ನಿಂತವರು. ಆದರೆ ಹಲ್ಲಿನ ಡಾಕ್ಟರ ಕುರ್ಚಿ ಎಂದರೆ ಅವರ ಜೀವ ಬಾಯಿಗೆ ಬರುತ್ತಿತ್ತು. ಬಲಗಡೆಯ ದವಡೆ ಹಲ್ಲು ಪೂರ್ತಿ ಹುಳುಕಾಗಿದ್ದರೂ ಇಷ್ಟು ದಿನ ಎಡಗಡೆಯಲ್ಲೇ ಅಗಿದು ಕಾಲ ತಳ್ಳಿದ್ದರು. ಮದುವೆಗೆ ಮುಂಚೆ, "ಹಲ್ಲು ಕೀಳೋದೂ ಒಂದು ಡಾಕ್ಟರಿಕೆಯಾ?" ಎಂದು ಅವರು ಕೇಳಿದ್ದು ಅಳಿಯನ ಎದೆಯಲ್ಲಿ ಇನ್ನೂ ಮುಳ್ಳಾಗಿಯೇ ಇತ್ತು. ಈಗ ಕೆನ್ನೆ ಊದಿ, ಗಂಜಿಗೆ ಇಳಿದು, ಮೈ ಸೊರಗಿ, ಕಡೆಗೂ ಬರುತ್ತೇನೆಂದು ಒಪ್ಪಿದ್ದರು.

"ರೀ, ಕೈ ಮುಗೀತೀನಿ," ಎಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರಿತ್ತು. "ಅಪ್ಪ ಹೇಗಾಗಿಬಿಟ್ಟಿದ್ದಾರೆ ನೋಡಿದ್ರಾ? ನಾಳೆ ಹೆದರಿ ವಾಪಸ್ ಹೋದ್ರೆ ಜನ್ಮದಲ್ಲಿ ಮತ್ತೆ ಬರಲ್ಲ. ನಾಳೆ ಒಂದು ದಿನ ಆ ನರಳಾಟ ಬೇಡ. ಇಲ್ಲಾಂದ್ರೆ ನಿಮ್ಮ ಸ್ಪೀಕರು ಗುಜರಿಗೆ!"

"ರೋಗಿ ನನ್ನ ಕೋಣೆಯೊಳಗೆ ಇರೋವಾಗ ಹಾಡು ಹಾಕಲ್ಲ. ಸರಿನಾ?"

"ಆಣೆ?"

"ಲೂಸಿಲ್ ಆಣೆ!"

"ಯಾರ್ರೀ ಅವಳು?"

ಮರುದಿನ ಬೆಳಿಗ್ಗೆ ಡಾಕ್ಟರು ಮಾತಿಗೆ ತಪ್ಪಲಿಲ್ಲ. ರೋಗಿ ಕೋಣೆಯೊಳಗೆ ಇರುವಾಗ ಹಾಡು ಹಾಕುವುದಿಲ್ಲ ಎಂದಿದ್ದರು. ರೋಗಿ ಇನ್ನೂ ಕೋಣೆಯೊಳಗೆ ಬಂದಿರಲಿಲ್ಲವಲ್ಲ! ಮಾವನ ಹಲ್ಲು ಕೀಳುವುದೆಂದರೆ ಅವರಿಗೂ ಅಳುಕು. ಬಾಗಿಲು ಹಾಕಿಕೊಂಡು, ಟ್ರೇಯಲ್ಲಿ ಸಲಕರಣೆ ಜೋಡಿಸುತ್ತಾ, ಕೈಗೆ ಧೈರ್ಯ ಬರಲಿ ಎಂದು ಹೌಲಿನ್ ವುಲ್ಫ್‌ನನ್ನು ಹಾಕಿದರು. ಧೈರ್ಯ ಸಾಲಲಿಲ್ಲ. ವಾಲ್ಯೂಮ್ ಏರಿಸಿದರು. ಆಮೇಲೆ ತಾವೂ ದನಿಗೂಡಿಸಿದರು. ಗೋಡೆಯ ಮೇಲಿನ ನಗುವ ಹಲ್ಲಿನ ಚಿತ್ರ ಅಲುಗಾಡುವಂತೆ ಜೋಡಿ ಊಳು ಎದ್ದಿತು.

ಹೊರಗೆ ಏನಾಯಿತೆಂಬುದನ್ನು ಹೆಂಡತಿ ಆಮೇಲೆ, ಬೇಕಾದಷ್ಟು ಸಲ, ಹೇಳಿದ್ದಾಳೆ. ಅಲ್ಲಿ ಮಾವ, ಒಬ್ಬ ದರ್ಜಿ, ಒಬ್ಬರು ಟೀಚರಮ್ಮ ಕೂತಿದ್ದರು. ಮೊದಲ ಊಳಿಗೆ ದರ್ಜಿಯ ಕೈಯಿಂದ ಪತ್ರಿಕೆ ಬಿತ್ತು. ಎರಡನೆಯದಕ್ಕೆ ಟೀಚರಮ್ಮ ಚೀಲ ಎತ್ತಿಕೊಂಡರು.

"ಒಳಗೆ ಯಾರಿದ್ದಾರಮ್ಮ?" ಎಂದು ಕೇಳಿದರು ಮಾವ, ಬಿಳಿಚಿಕೊಂಡು.

"ಒಳಗೆ ಯಾರೂ ಇಲ್ಲಪ್ಪ," ಎಂದಳು ಮಗಳು ಗಾಬರಿಯಲ್ಲಿ.

"ಈಗ ಇಲ್ವಾ! ಹೋಗೇಬಿಟ್ರಾ!"

ಇಷ್ಟೇ. ಗಾರ್ಡ್ ಸಾಹೇಬರು ಹಸಿರು ಬಾವುಟ ಬೀಸಿದವರಂತೆ ಕೈ ಬೀಸಿ ಹೊರಟೇಬಿಟ್ಟರು. ಹಿಂದೆ ದರ್ಜಿ, ಅವನ ಹಿಂದೆ ಟೀಚರಮ್ಮ.

ಹೆಂಡತಿಯ ಕೂಗಿಗೆ ಡಾಕ್ಟರು ಬಾಗಿಲು ತೆಗೆದು ನೋಡುತ್ತಾರೆ, ಕುರ್ಚಿಗಳೆಲ್ಲ ಖಾಲಿ! "ಮಾವಾ! ನಿಲ್ಲಿ ಮಾವಾ! ಏನೂ ನೋವಾಗಲ್ಲ!" ಎಂದು ಕೂಗುತ್ತಾ ಬೀದಿಗೆ ಹಾರಿದರು. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಮೈಮೇಲೆ ಬಿಳಿ ಕೋಟು. ಬಲಗೈಯಲ್ಲಿ ಹಲ್ಲು ಕೀಳುವ ಇಕ್ಕಳ ಹಾಗೇ ಇದ್ದದ್ದು ಅವರಿಗೆ ತಿಳಿಯಲಿಲ್ಲ. ಬೀದಿಗೆ ತಿಳಿಯಿತು.

"ಓಡಿ ಯಜಮಾನ್ರೇ, ಓಡಿ! ಹತ್ತಿರ ಬಂದ!" ಎಂದು ದರ್ಜಿ ಕಿರುಚಿದ. ಹಣ್ಣಿನಂಗಡಿಯವಳು ಬುಟ್ಟಿ ಅಡ್ಡ ಹಿಡಿದು ಮಾವನನ್ನು ಕಾಪಾಡಲು ನೋಡಿದಳು. ಇಕ್ಕಳ ಹಿಡಿದು ಮುದುಕರನ್ನು ಅಟ್ಟಿಸಿಕೊಂಡು ಹೋಗುವ ವೈದ್ಯನನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ. ಮಾವನಿಗೋ, ಇಡೀ ಆಯುಷ್ಯ ರೈಲಿನ ಹಿಂದೆ ಓಡಿದ ಕಾಲು! ಅಳಿಯನದು ಸ್ಟೂಲಿನ ಮೇಲೆ ಕೂತ ಕಾಲು. ಕ್ಷೌರದಂಗಡಿಯ ಮೆಟ್ಟಿಲ ಹತ್ತಿರ ತಮ್ಮದೇ ಕಾಲಿಗೆ ಕಾಲು ತೊಡರಿ ಡಾಕ್ಟರು ಮುಗ್ಗರಿಸಿದರು. ಮೆಟ್ಟಿಲು ನೇರವಾಗಿ ಬಾಯಿಗೇ ಬಡಿಯಿತು.

ಮಾಸ್ಕು ಸರಿಸಿ ನೋಡಿದರೆ ಮುಂದಿನ ಹಲ್ಲು ಅರ್ಧ ಮಾಯ!

ಅಳಿಯ ಬಿದ್ದದ್ದು ಕಂಡು ಮಾವ ನಿಂತರು. ಹೆದರುಪುಕ್ಕಲರಾದರೂ ಕರುಳಿದ್ದ ಮನುಷ್ಯ. ಓಡಿ ಬಂದು ಎತ್ತಿ ಕೂರಿಸಿ, ತಮ್ಮ ಕರವಸ್ತ್ರದಿಂದ ರಕ್ತ ಒರೆಸಿದರು. ಆದರೆ ಮೊದಲು ಇಕ್ಕಳ ಕಿತ್ತುಕೊಂಡು ಕ್ಷೌರಿಕನ ಕೈಗೆ ಕೊಟ್ಟರು.

"ಯಾಕೆ ಅಳಿಯಂದ್ರೇ, ನನ್ನ ಒಂದು ಹಲ್ಲಿಗೆ ಇಷ್ಟೊಂದು ಆಸೆ?"

"ಅಫು ಹಾಡು ಮಾವಾ... ಬರೀ ಹಾಡು..." ಎಂದರು ಡಾಕ್ಟರು. ಹಲ್ಲು ಮುರಿದ ಸಂದಿಯಲ್ಲಿ ಗಾಳಿ ಹೋಗಿ ಬ್ರಹ್ಮಾಂಡ ಕಾಣಿಸಿತು.

ತನ್ನ ಹಲ್ಲಿಗೆ ತಾನೇ ಚಿಕಿತ್ಸೆ ಮಾಡಿಕೊಳ್ಳುವ ವಿದ್ಯೆಯನ್ನು ಯಾವ ಕಾಲೇಜೂ ಕಲಿಸಿಲ್ಲ. ಹಿಂದಿನ ಬೀದಿಯಲ್ಲಿ ಇನ್ನೊಬ್ಬರು ಹಲ್ಲಿನ ಡಾಕ್ಟರಮ್ಮ ಇದ್ದರು. ಕಾಲೇಜಿನಲ್ಲಿ ಇವರಿಗಿಂತ ಚಿಕ್ಕವರು, ಅಂಕದಲ್ಲಿ ದೊಡ್ಡವರು. ಅವರ ಕ್ಲಿನಿಕ್ಕಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. "ಅಭಿರುಚಿಯಿಲ್ಲದ ಜಾಗ" ಎಂದು ಮೂಗು ಮುರಿಯುತ್ತಿದ್ದ ಅಲ್ಲಿಗೇ ಡಾಕ್ಟರನ್ನು ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಮಾವ ಹಿಡಿದುಕೊಂಡು ನಡೆಸಿದರು. ದಾರಿಯುದ್ದಕ್ಕೂ ಹೆಂಡತಿ ಅಪ್ಪನಿಗೆ ಬಿಡಿಸಿ ಹೇಳಿದಳು.

"ಒಳಗೆ ಯಾರನ್ನೂ ಏನೂ ಮಾಡ್ತಿರಲಿಲ್ಲಪ್ಪ. ಅದು ಬ್ಲೂಸ್ ಅಂತ ಒಂದು ಥರದ ಹಾಡು. ಹಾಗೇ ಊಳಿಡಬೇಕಂತೆ."

"ಹಾಡಾ? ಅದು?" ಮಾವ ಅಳಿಯನನ್ನು ಕನಿಕರದಿಂದ ನೋಡಿದರು. "ಮದುವೆಗೆ ಮುಂಚೆ ವಿಚಾರಿಸಬೇಕಿತ್ತು."

ಮಾವ, ಹೆಂಡತಿ ಹೊರಗಿನ ಬೆಂಚಿನಲ್ಲಿ ಕೂತರು. ಡಾಕ್ಟರು ಒಳಗೆ ಕುರ್ಚಿಯಲ್ಲಿ ಒರಗಿದರು. ಇಲ್ಲಿಯ ಬಾಗಿಲೂ ತೆಳ್ಳನೆಯ ಪ್ಲೈವುಡ್ಡೇ. ಬೆಂಚಿನಲ್ಲಿ ಕೂತವರು ಉಸಿರಾಡಿದರೂ ಕೇಳುತ್ತಿತ್ತು.

ಕುರ್ಚಿಯಲ್ಲಿ ಮಲಗಿ ಆ ದೀಪವನ್ನು ಕೆಳಗಿನಿಂದ ಡಾಕ್ಟರು ನೋಡಿದ್ದು ಅದೇ ಮೊದಲು. ಟ್ರೇ ಇಷ್ಟೊಂದು ಸದ್ದು ಮಾಡುತ್ತದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಸೂಜಿ ಬಂತು. ಎಷ್ಟು ಉದ್ದ! ಇಂಥದ್ದನ್ನೇ ದಿನಾ ಹಿಡಿಯುತ್ತಿದ್ದರೂ, ಅದರ ಈ ತುದಿಯ ಪರಿಚಯ ಅವರಿಗಿರಲಿಲ್ಲ.

"ಬಾಯಿ ದೊಡ್ಡದಾಗಿ ತೆಗೀರಿ ಸರ್," ಎಂದರು ಡಾಕ್ಟರಮ್ಮ. "ಇರುವೆ ಕಚ್ಚಿದ ಹಾಗೆ, ಅಷ್ಟೇ."

ಇದೇ ಮಾತನ್ನು ತಾವು ಎಷ್ಟು ಜನರಿಗೆ ಹೇಳಿದ್ದರೋ! ಇದು ಶುದ್ಧ ಸುಳ್ಳು ಎಂದು ಹೇಳಹೊರಟರು. ಬಾಯಲ್ಲಿ ಹತ್ತಿ, ಕನ್ನಡಿ, ಕೊಳವೆ, ಡಾಕ್ಟರಮ್ಮನ ಎರಡು ಬೆರಳು. ಸೂಜಿ ಇನ್ನೂ ಒಸಡು ಮುಟ್ಟಿರಲಿಲ್ಲ, ಹೊಟ್ಟೆಯ ಆಳದಿಂದ ಎದ್ದು, ಗಂಟಲನ್ನು ಕೆರೆದುಕೊಂಡು, ಒಂದು ಊಳು ಹೊರಬಿತ್ತು.

ಹೊರಗೆ ಬೆಂಚು ಸರಿದ ಸದ್ದು. "ಅಯ್ಯೋ, ಏನ್ ಮಾಡ್ತಿದ್ದಾರೆ ಒಳಗೆ!" ಎಂದು ಯಾರೋ ಹೆಂಗಸಿನ ದನಿ. ಡಾಕ್ಟರು ಕಣ್ಣು ಮುಚ್ಚಿದರು. ಮಾವ ಮತ್ತೆ ಓಡಿದರು, ಮುಗಿಯಿತು.

"ಕೂತ್ಕೊಳ್ಳಿ ತಾಯಿ, ಕೂತ್ಕೊಳ್ಳಿ," ಎಂದಿತು ಮಾವನ ದನಿ, ತುಂಬಾ ನಿರಾಳವಾಗಿ. "ಹೆದರೋಂಥದ್ದೇನಿಲ್ಲ. ಅದು ಹಾಡು. ನಮ್ಮ ಅಳಿಯಂದ್ರು. ಅವರಿಗೆ ಸ್ವಲ್ಪ ಇದರ ಹುಚ್ಚು. ಅಲ್ವೇನಮ್ಮ?"

ಡಾಕ್ಟರು ಕಿವಿ ನಿಮಿರಿಸಿದರು. ಕೈ ಹಿಡಿದವಳು ಈಗಲಾದರೂ ನಿಜ ಹೇಳಿ ಒಳಗೆ ಓಡಿ ಬಂದಾಳು, ತಲೆ ಸವರಿಯಾಳು! ಅಪ್ಪನ ಊದಿದ ಕೆನ್ನೆಯೋ, ಗಂಡನ ನೋವೋ? ಅವಳು ತೂಗಿ ನೋಡಿರಬೇಕು.

"ಹೌದಪ್ಪ, ಹಾಡೇ," ಎಂದಳು ಹೆಂಡತಿ. "ಅದು ಮುಗಿದ ತಕ್ಷಣ ನಿಮ್ಮ ಸರದಿ."

"ಆಗಲಿ ಬಿಡು, ಹೋಗ್ತೀನಿ. ಹಾಡಿಗೆಲ್ಲ ಯಾರಾದ್ರೂ ಹೆದರ್ತಾರಾ?"

ಒಳಗೆ ಡಾಕ್ಟರಮ್ಮ ಸೂಜಿ ಚುಚ್ಚಿಯೇಬಿಟ್ಟರು. ಈ ಸಲ ಎದ್ದ ಊಳಿಗೆ ಬಾಗಿಲು ಕಟಕಟ ಅಲುಗಾಡಿತು. ಅದು ನಿಂತ ಮೇಲೆ ಹೊರಗಿನಿಂದ ಮಾವ ತೊಡೆ ತಟ್ಟಿ ಮೆಚ್ಚುವುದು ಸ್ಪಷ್ಟವಾಗಿ ಕೇಳಿಸಿತು.

"ಭಲೇ! ಬೆಳಿಗ್ಗೆಗಿಂತ ಎಷ್ಟೋ ವಾಸಿ ಕಣಮ್ಮ! ಬೆಳಿಗ್ಗೆ ಬರೀ ಗಂಟಲಲ್ಲಿ ಅರಚಿದ ಹಾಗಿತ್ತು. ಈಗ ನೋಡು, ಒಳಗೆ ನಿಜವಾಗ್ಲೂ ನೋವಿದ್ದವನು ಹಾಡಿದ ಹಾಗೇ ಇದೆ!"