ವ್ಯಾಪಾರ ಹೆಂಗೈತೆ ಅಣ್ಣಾ?

ಮನುಷ್ಯನಾದವನನ್ನು ಯಾರಾದರೂ ಆಗಾಗ ‘ಕೆಲಸ ಎಲ್ಲಿಗೆ ಬಂತು?’ ಎಂದು ಕೇಳುತ್ತಿರಬೇಕು. ಕೇಳುವವರಿದ್ದಾಗ ಅದು ಬರೀ ಕಿರಿಕಿರಿ. ಅವರು ಇಲ್ಲವಾದ ಮೇಲೆ ಆಗುವುದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಹಸಿವಿನ ಆಸುಪಾಸಿನಲ್ಲೇ ಎಲ್ಲೋ ಇರುವ ಸಂಕಟ ಅದು ಎಂದಷ್ಟೇ ಹೇಳಬಲ್ಲೆ. ಹೊಸೂರಿನ ಕಾರ್ಖಾನೆಯೊಂದರಲ್ಲಿ ನಾನು ಇಪ್ಪತ್ತಮೂರು ವರ್ಷ ಲೇತ್ ಮಿಷನ್ ಮುಂದೆ ನಿಂತವನು. ಪ್ರತಿ ಪಾಳಿಯ ಕೊನೆಗೆ ಸೂಪರ್‌ವೈಸರ್ ಬಂದು ‘ಎಷ್ಟಾಯ್ತು?’ ಎನ್ನುತ್ತಿದ್ದರು. ನಾನು ಬಾಯಲ್ಲಿ ಲೆಕ್ಕ ಹೇಳಿ ಮನಸ್ಸಿನಲ್ಲಿ ಅವರ ವಂಶವನ್ನೆಲ್ಲ ನೆನೆಯುತ್ತಿದ್ದೆ. ಆಮೇಲೆ ನಮ್ಮ ವಿಭಾಗವನ್ನೇ ಮುಚ್ಚಿ, ಕೊರಳಿಗೊಂದು ಹಾರ, ಕೈಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮೂಕಂಡಪಲ್ಲಿಯ ಬಾಡಿಗೆ ಮನೆಯಲ್ಲಿ ಆ ಗಡಿಯಾರದ ಕೆಳಗೆ ಕುಳಿತರೆ ಎಷ್ಟಾಯ್ತು ಎಂದು ಕೇಳುವ ಒಂದು ಪ್ರಾಣಿಯೂ ಇಲ್ಲ. ಹೆಂಡತಿ ರತ್ನ ಗಾರ್ಮೆಂಟ್ಸ್ ಬಸ್ಸು ಹಿಡಿಯುವ ಅವಸರದಲ್ಲಿ ‘ಬಾಗ್ಲು ಹಾಕ್ಕೊಳ್ರಿ’ ಎಂದಷ್ಟೇ ಹೇಳಿ ಹೋಗುವಳು. ಮೈಸೂರಿನಲ್ಲಿರುವ ಮಗಳು ನನ್ನ ನಂಬರಿಗೇ ಫೋನ್ ಮಾಡಿ, ‘ಅಪ್ಪಾ, ಅಮ್ಮ ಇದ್ದಾಳಾ?’ ಎನ್ನುವಳು.

ಮನೆಯಲ್ಲಿ ಕೂತು ಗಡಿಯಾರ ನೋಡುವ ನನ್ನನ್ನು ನೋಡಲಾರದೆ ರತ್ನಳೇ ಕೃಷ್ಣಗಿರಿಯ ತರಬೇತಿ ಕೇಂದ್ರದ ಅರ್ಜಿ ತಂದಳು. ಸಣ್ಣ ವ್ಯಾಪಾರ ಶುರು ಮಾಡುವವರಿಗೆ ಹತ್ತು ದಿನದ ಪಾಠ. ಊಟ, ವಸತಿ ಎಲ್ಲ ಸರ್ಕಾರದ್ದು. ನನಗೆ ಸಿಕ್ಕಿದ್ದು ಅಣಬೆ ಬೇಸಾಯ. ಅಣಬೆಗೂ ಮೊದಲು ಅಲ್ಲಿ ಧೈರ್ಯ ಬೆಳೆಸುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವ ಆಟ. ಎಷ್ಟು ಪೇರಿಸುತ್ತೀರಿ ಎಂದು ಮೊದಲೇ ಹೇಳಬೇಕು. ನಾನು ಹದಿನೈದು ಎಂದೆ. ನಾಲ್ಕನೆಯದಕ್ಕೆ ಎಲ್ಲ ಕುಸಿದು ಪಕ್ಕದವರ ಕಾಲ ಮೇಲೆ ಬಿತ್ತು. ಮೇಷ್ಟ್ರು, ‘ನೀವು ಹೇಳೋದು ಮಾತ್ರ ದೊಡ್ಡದಾಗಿ ಹೇಳ್ತೀರಿ’ ಎಂದರು. ನಾನದನ್ನು ಹೊಗಳಿಕೆ ಎಂದುಕೊಂಡು ಊರಿಗೆ ಬಂದೆ.

ಹಿತ್ತಲಿನ ಶೀಟಿನ ಕೋಣೆಯಲ್ಲಿ ಹುಲ್ಲು ಬೇಯಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನಡುನಡುವೆ ಅಣಬೆ ಬೀಜ ಉದುರಿಸಿ ಸಾಲಾಗಿ ನೇತುಹಾಕಿದೆ. ಹದಿನೈದು ದಿನದಲ್ಲಿ ಚೀಲದೊಳಗೆಲ್ಲ ಬೆಳ್ಳಗೆ ಹಬ್ಬಬೇಕು. ನನ್ನ ಚೀಲಗಳಲ್ಲಿ ಹಸಿರು ಬೂಷ್ಟು ಹಬ್ಬಿತು. ವಾಸನೆಗೆ ಪಕ್ಕದ ಮನೆಯ ತೆಲುಗು ಅಜ್ಜಿ ಮೂರು ದಿನ ಊದುಬತ್ತಿ ಹಚ್ಚಿದಳು. ಸರಿಯಾಗಿ ಆ ವಾರದಲ್ಲೇ ಕೇಂದ್ರದಿಂದ ಫೋನು ಬಂತು. ಕಲಿತು ಹೋದವರು ವ್ಯಾಪಾರ ಶುರು ಮಾಡಿದರೋ ಇಲ್ಲವೋ ಎಂದು ಎರಡು ವರ್ಷ ತಿಂಗಳು ತಿಂಗಳೂ ವಿಚಾರಿಸಬೇಕೆಂಬುದು ಅಲ್ಲಿಯ ನಿಯಮವಂತೆ. ವಿಚಾರಿಸುವವಳ ಹೆಸರು ಸೆಲ್ವಿ, ಬೇರಿಕೆ ಕಡೆಯವಳು.

‘ಅಣ್ಣಾ, ನಲ್ಲಾ ಇದೀರಾ? ವ್ಯಾಪಾರ ಹೆಂಗೈತೆ?’

ಕಾರ್ಖಾನೆ ಬಿಟ್ಟ ಮೇಲೆ ನನ್ನನ್ನು ಹಾಗೆ ಕೇಳಿದವರಲ್ಲಿ ಆಕೆಯೇ ಮೊದಲು. ಹಸಿರು ಬೂಷ್ಟು ಎಂದು ಹೇಳಲು ನಾಲಿಗೆ ಏಳಲಿಲ್ಲ. ‘ಪರವಾಗಿಲ್ಲಮ್ಮ, ಶುರುವಾಗಿದೆ’ ಎಂದುಬಿಟ್ಟೆ. ಮುಂದಿನ ತಿಂಗಳು ಐದು ಕೆಜಿ ಬಂತು ಎಂದೆ, ಅದರ ಮುಂದಿನ ತಿಂಗಳು ಹತ್ತು. ದೀಪಾವಳಿಯ ಹೊತ್ತಿಗೆ ಡೆಂಕಣಿಕೋಟೆಯ ಹೋಟೆಲಿನವರು ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಒಂದು ಸಲ ಬೇಸಿಗೆಯಲ್ಲಿ ಇಳುವರಿ ಕಡಿಮೆಯಾಯಿತು ಎಂದೂ ಹೇಳಿದೆ. ವ್ಯಾಪಾರವೆಂದ ಮೇಲೆ ಏಳುಬೀಳು ಇರದಿದ್ದರೆ ಯಾರು ನಂಬುತ್ತಾರೆ? ಆಕೆಯ ಫೋನು ಬರುತ್ತಿದ್ದುದು ತಿಂಗಳ ಮೊದಲ ಸೋಮವಾರ, ಬೆಳಗ್ಗೆ ಹತ್ತರ ಸುಮಾರಿಗೆ. ಆ ದಿನ ನಾನು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕೂರುತ್ತಿದ್ದೆ. ‘ಫೋನ್‌ನಾಗೆ ಮಾತಾಡಕ್ಕೆ ಅಂಗಿ ಯಾತಕ್ರೀ?’ ಎಂದು ರತ್ನ ನಗುತ್ತಿದ್ದಳು. ಒಂದು ಸಲ ಬನಿಯನ್ನಿನಲ್ಲೇ ಕುಳಿತು ಮಾತಾಡಿ ನೋಡಿದ್ದೆ, ಮಾತಿಗೆ ತೂಕ ಬರಲಿಲ್ಲ.

ಹೀಗೆ ಸುಖವಾಗಿ ನಡೆಯುತ್ತಿದ್ದ ವ್ಯಾಪಾರಕ್ಕೆ ಒಂದು ದಿನ ಕಲ್ಲು ಬಿತ್ತು. ‘ಬುಧವಾರ ನಿಮ್ ಕಡೆ ಬತ್ತೀನಣ್ಣಾ. ನೋಡ್ಕಂಡು ಒಂದ್ ಫೋಟೋ ತಕ್ಕಂಡು ಹೋಗ್ತೀನಿ’ ಎಂದಳು ಸೆಲ್ವಿ. ಮಂಗಳವಾರ ಸಂಜೆ ನಾನು ಹೊಸೂರು ಪೇಟೆಗೆ ಓಡಿ ಅಂಗಡಿಯಲ್ಲಿದ್ದ ಅಣಬೆಯ ಪೊಟ್ಟಣಗಳನ್ನೆಲ್ಲ ಬಾಚಿ ತಂದೆ. ಹುಲ್ಲಿನ ಚೀಲಗಳಿಗೆ ತೂತು ಮಾಡಿ, ಒಂದೊಂದು ಅಣಬೆಗೂ ಪೊರಕೆ ಕಡ್ಡಿ ಚುಚ್ಚಿ ನೆಟ್ಟೆ. ದೂರದಿಂದ ನೋಡಲು ಲಕ್ಷಣವಾಗಿಯೇ ಇತ್ತು. ಸೆಲ್ವಿ ಬಂದಳು. ಮೊಬೈಲಿನ ಬೆಳಕು ಬಿಟ್ಟುಕೊಂಡು ಬಗ್ಗಿ ಬಹಳ ಹೊತ್ತು ನೋಡಿದಳು.

‘ಅಣ್ಣಾ, ನಮ್ ಸೆಂಟರ್‌ನಾಗೆ ಹೇಳ್ಕೊಟ್ಟಿದ್ದು ಅಗಲಕ್ಕಿರೋ ಚಿಪ್ಪು ಕಾಳಾನ್ ಅಲ್ವಾ? ಇದು ಗುಂಡುಗೈತೆ.’

ತಮಿಳಿನಲ್ಲಿ ಅಣಬೆಗೆ ಕಾಳಾನ್ ಎನ್ನುತ್ತಾರೆ. ಗುಂಡನೆಯದು ಹುಲ್ಲಿನಲ್ಲಿ ಹುಟ್ಟುವುದೇ ಇಲ್ಲ, ಅದಕ್ಕೆ ಗೊಬ್ಬರ ಬೇಕು, ತಣ್ಣಗಿನ ಕೋಣೆ ಬೇಕು ಎಂದು ನನಗೆ ಆಮೇಲೆ ಗೊತ್ತಾಯಿತು. ಆಗ ಮಾತ್ರ, ‘ಇದು ಬೇರೆ ತಳಿ ಕಣಮ್ಮ’ ಎಂದೆ.

‘ಓಹೋ’ ಎಂದಳು. ‘ಚೆನ್ನಾಗ್ ಬಂದೈತೆ. ಇಲ್ಲಿ ಬೆಳಕು ಸಾಲ್ದು, ಫೋಟೋ ಇನ್ನೊಂದ್ ಸಲ ಬಂದಾಗ ತಗೋತೀನಿ.’ ಕಾಫಿ ಕುಡಿದು, ಪುಸ್ತಕದಲ್ಲಿ ಏನೋ ಬರೆದುಕೊಂಡು ಹೊರಟಳು. ಸರ್ಕಾರದ ಕಣ್ಣಿಗೇ ಮಣ್ಣೆರಚಿದೆ ಎಂದು ನಾನು ಅವತ್ತು ರತ್ನಳೆದುರು ಎದೆಯುಬ್ಬಿಸಿದೆ. ಅವಳು ಅಣಬೆಗಳಿಂದ ಕಡ್ಡಿ ಕೀಳುತ್ತ ಕುಳಿತಳು. ರಾತ್ರಿ ಅದೇ ಸಾರು.

ಅಲ್ಲಿಂದಾಚೆಗೂ ಫೋನು ತಪ್ಪಲಿಲ್ಲ. ಸೆಲ್ವಿ ಮಾತ್ರ ಕೆಲಸದ ವಿಷಯ ಹೆಚ್ಚು ಎತ್ತತೊಡಗಿದಳು. ‘ಹುಲ್ಲು ಬೇಯ್ಸಿದ್ ಮೇಲೆ ನೆಳ್ಳಾಗೆ ಆರಾಕ್ತೀರ ಅಲ್ವಾಣ್ಣಾ? ಹಿಂಡಿದ್ರೆ ಕೈಗೆ ನೀರು ಹತ್ತಬಾರ್ದು. ನಿಮ್ಗೆ ಗೊತ್ತಿರೋದೇ.’ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನ ಹಾಗೆ ಹೂಂಗುಟ್ಟಿದೆ.

ಎರಡು ವರ್ಷ ತುಂಬಿತು. ಮುಂದಿನ ತಿಂಗಳ ಮೊದಲ ಸೋಮವಾರ ನಾನು ಅಂಗಿ ತೊಟ್ಟು, ಮೂವತ್ತು ಕೆಜಿ ಎನ್ನಲೋ ಮೂವತ್ತೈದು ಎನ್ನಲೋ ಎಂದು ಯೋಚಿಸುತ್ತ ಕೂತೆ. ಹತ್ತಾಯಿತು, ಹನ್ನೊಂದಾಯಿತು. ಫೋನು ಕೆಟ್ಟಿರಬೇಕೆಂದು ಅಂಗಡಿಗೆ ಹೋಗಿ ಅವರ ಫೋನಿನಿಂದ ನನಗೇ ಫೋನ್ ಮಾಡಿಸಿಕೊಂಡೆ, ಚೆನ್ನಾಗಿಯೇ ಬಡಿದುಕೊಂಡಿತು. ಕೇಳುವವರಿಲ್ಲದೆ ನನ್ನ ಮೂವತ್ತು ಕೆಜಿ ವ್ಯಾಪಾರ ಒಂದೇ ದಿನದಲ್ಲಿ ಮುಚ್ಚಿಹೋಯಿತು. ಕಾರ್ಖಾನೆ ಬಿಟ್ಟ ದಿನವೂ ನನಗೆ ಅಷ್ಟು ಬೇಜಾರಾಗಿರಲಿಲ್ಲ. ಆ ‘ಅಣ್ಣಾ’ ಎನ್ನುವ ದನಿ ಬೇಕಿತ್ತು, ಅಷ್ಟೇ. ಎರಡು ಸೋಮವಾರ ಹಾಗೇ ಕಳೆದೆ. ಮೂರನೆಯ ವಾರ ಕೈ ಸುಮ್ಮನಿರಲಾರದೆ ಶೀಟಿನ ಕೋಣೆ ತೊಳೆದೆ. ಹುಲ್ಲು ಬೇಯಿಸಿದೆ, ನೆರಳಲ್ಲಿ ಆರಹಾಕಿದೆ, ಹಿಂಡಿ ನೋಡಿದೆ. ಕೈಗೆ ನೀರು ಹತ್ತಲಿಲ್ಲ.

ಹೊಸ ಬೀಜ ಉದುರಿಸಿ ಚೀಲ ಕಟ್ಟಿ, ಮೂರು ವಾರ ಕಳೆದು ಒಂದು ಬೆಳಗ್ಗೆ ನೋಡಿದರೆ ಚೀಲದ ತೂತುಗಳಿಂದ ನಿಜವಾದ ಅಣಬೆ ಇಣುಕಿತ್ತು. ಅಗಲವಾಗಿ, ಬೆಳ್ಳಗೆ, ಪೊರಕೆ ಕಡ್ಡಿಯ ಹಂಗಿಲ್ಲದೆ. ಮೊದಲ ಕೊಯ್ಲು ಎರಡು ಕೆಜಿ. ಕೈಯಲ್ಲಿ ಫೋನು ಹಿಡಿದು ಕೋಣೆಯಲ್ಲೇ ನಿಂತೆ, ಯಾರಿಗೆ ಹೇಳುವುದು? ರತ್ನಳಿಗೆ ತೋರಿಸಿದೆ. ‘ಹುರೀಲಾ, ಸಾರು ಮಾಡ್ಲಾ?’ ಎಂದಳು. ಮಗಳಿಗೆ ಫೋನ್ ಮಾಡಿದೆ. ‘ಅಮ್ಮ ಹುಷಾರಾಗಿದ್ದಾಳೆ ತಾನೆ?’ ಎಂದಳು. ಮಾರನೆಯ ವಾರದ ಕೊಯ್ಲಿನಲ್ಲಿ ಚೆನ್ನಾಗಿದ್ದುದನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿಕೊಂಡು ಕೃಷ್ಣಗಿರಿ ಬಸ್ಸು ಹತ್ತಿದೆ. ಶೂಳಗಿರಿ ದಾಟುವವರೆಗೂ ಸೆಲ್ವಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಸುಳ್ಳನ್ನು ಒಪ್ಪಿಕೊಳ್ಳುವುದೋ, ನೇರ ಅಣಬೆ ಕೈಗಿಡುವುದೋ?

ಸೆಲ್ವಿ ಇರಲಿಲ್ಲ. ಬೇರೆ ಜಿಲ್ಲೆಗೆ ವರ್ಗವಾಗಿ ತಿಂಗಳಾಯಿತಂತೆ. ಆಕೆಯ ಕುರ್ಚಿಯಲ್ಲಿ ನಡುವಯಸ್ಸಿನವರೊಬ್ಬರು ಕೂತಿದ್ದರು. ಹೆಸರು ಕೇಳಿ ನನ್ನ ಫೈಲು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಬಸ್ಸಿನ ಬೋರ್ಡು ಓದಿ ಓದಿ ಕಲಿತ ತಮಿಳು ನನ್ನದು. ಬೆರಳಿಟ್ಟು ನಿಧಾನವಾಗಿ ಓದಿದೆ. ತಿಂಗಳಿಗೊಂದರಂತೆ ಇಪ್ಪತ್ತನಾಲ್ಕು ಸಾಲು, ಎಲ್ಲವೂ ಸೆಲ್ವಿಯ ಕೈಬರಹ. ಐದು ಕೆಜಿ ಇರಲಿಲ್ಲ, ಹತ್ತು ಇರಲಿಲ್ಲ, ಡೆಂಕಣಿಕೋಟೆಯ ಹೋಟೆಲಿನ ಸುದ್ದಿಯೇ ಇರಲಿಲ್ಲ. ಮೊದಲ ಸಾಲಿನಲ್ಲಿ ಬರೆದಿತ್ತು: ‘ಇನ್ನೂ ಶುರು ಮಾಡಿಲ್ಲ. ಮಾಡುತ್ತಾರೆ.’ ಎರಡನೆಯದರಲ್ಲೂ ಅದೇ. ಕೊನೆಯ ಸಾಲಿನಲ್ಲೂ ಅದೇ.

ಅಂದರೆ ಮೊದಲ ಫೋನಿನಲ್ಲೇ ನನ್ನ ದನಿ ಕೇಳಿ ಆಕೆಗೆ ಗೊತ್ತಾಗಿತ್ತು. ನಾನು ಕೊನೆಯ ಸಾಲಿನ ಮೇಲಿಟ್ಟ ಬೆರಳನ್ನು ತೆಗೆಯದೆ ಕೂತೆ. ಅದನ್ನು ಅವರು ಬೇರೆ ಥರ ತಿಳಿದುಕೊಂಡರು.

‘ಇನ್ನೂ ಶುರು ಆಗ್ಲಿಲ್ವಾ ಸಾರ್? ಬೇಜಾರ್ ಮಾಡ್ಕೋಬೇಡಿ. ಈ ಫೈಲು ಮುಗ್ದೋಯ್ತು, ಬರೆಯಕ್ಕೆ ಜಾಗ ಇಲ್ಲ. ಸೋಮವಾರದಿಂದ ಉಪ್ಪಿನಕಾಯಿ ಬ್ಯಾಚ್ ಐತೆ, ಸೇರ್ಕೊಳ್ಳಿ. ವ್ಯಾಪಾರ ಇಲ್ದೋರಿಗೆ ಮಾತ್ರ ಸೀಟು.’

ಇಲ್ಲ, ಶುರುವಾಗಿದೆ ಎನ್ನಲು ಬಾಯಿ ತೆರೆದವನು ಅದನ್ನು ಬಿಟ್ಟು ಬೇರೆಯೇ ಕೇಳಿದೆ: ‘ತರಬೇತಿ ಮುಗಿದ ಮೇಲೆ?’

‘ಮುಗಿದ್ ಮೇಲೆ ಏನು ಸಾರ್, ಎರಡು ವರ್ಷ ತಿಂಗಳಾ ತಿಂಗಳಾ ನಾನೇ ಫೋನ್ ಮಾಡಿ ಕೇಳ್ತೀನಿ.’

ಮಡಿಲಲ್ಲಿದ್ದ ಅಣಬೆ ಚೀಲವನ್ನು ಮೆಲ್ಲಗೆ ನೆಲಕ್ಕಿಳಿಸಿ, ಕಾಲಿನಿಂದ ಕುರ್ಚಿಯ ಅಡಿಗೆ ತಳ್ಳಿದೆ. ಅರ್ಜಿ ಇಸಿದುಕೊಂಡು, ‘ಸದ್ಯ ಏನಾದರೂ ಸ್ವಂತ ವ್ಯಾಪಾರ ಮಾಡುತ್ತಿದ್ದೀರಾ?’ ಎಂಬ ಪ್ರಶ್ನೆಯ ಮುಂದೆ ದುಂಡಗಿನ ಅಕ್ಷರಗಳಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ.