ವ್ಯಾನ್‌ಗೆ ಹಾಕಿ ಅಂದ್ರು

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಪಿಲ್ಲಗುಂಪೆಯ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ನಾನು. ಇಂಥವನಿಗೆ ಅಂಗೈಯಗಲದ ಡಬ್ಬಿಗೆ ವೈರು ಚುಚ್ಚುವುದು ಯಾವ ಮಹಾ ಕೆಲಸ!

ಅದು ನಮ್ಮ ಹಳೆಯ ಲ್ಯಾಂಡ್‌ಲೈನ್ ಫೋನನ್ನು ಇಂಟರ್‌ನೆಟ್ಟಿನಲ್ಲಿ ಮಾತಾಡಿಸುವ ಡಬ್ಬಿ. ನನ್ನ ಹೆಂಡತಿ ರತ್ನ ಹೊಸಕೋಟೆಯಲ್ಲಿ ಬ್ಲೌಸ್ ಹೊಲಿಯುವವಳು. ಗಿರಾಕಿಗಳಿಗೆಲ್ಲ ಗೊತ್ತಿರುವುದು ಆ ನಂಬರೊಂದೇ. ಅಂದು ನಂದಗುಡಿಯ ಮದುವೆ ಮನೆಯವರು ಫೋನ್ ಮಾಡಿ, ಮನೆಮಂದಿಯ ಬ್ಲೌಸುಗಳನ್ನೆಲ್ಲ ಅವಳಿಗೆ ಒಪ್ಪಿಸುವವರಿದ್ದರು.

"ರೀ, ಗೊತ್ತಿರೋರನ್ನ ಕರೀರಿ," ಎಂದಳು.

"ಗೊತ್ತಿರೋನು ನಾನೇ ಇದೀನಲ್ಲ!"

ಡಬ್ಬಿಯ ಹಿಂದೆ ಮೂರು ತೂತು. ಒಂದರ ಮೇಲೆ ಫೋನಿನ ಚಿತ್ರವಿತ್ತು. ಅಲ್ಲಿಗೆ ಫೋನ್ ಚುಚ್ಚಿದೆ. ಉಳಿದವು ನೀಲಿ, ಹಳದಿ. ಕೆಳಗಿನ ಅಕ್ಷರಗಳು ಸಾಸಿವೆಗಿಂತ ಸಣ್ಣವು. ಅದಕ್ಕೆಲ್ಲ ಕನ್ನಡಕ ಹುಡುಕುತ್ತಾ ಕೂತರೆ ನನ್ನನ್ನು ಅಧಿಕಾರಿ ಎನ್ನುತ್ತಾರೆಯೇ? ನೀಲಿ ತೂತು ಬೇಕಂತಲೇ ಮಿಂಚುತ್ತಿತ್ತು. ಅನುಮಾನ ಬಂತು. ಇಂಟರ್‌ನೆಟ್ ವೈರನ್ನು ಹಳದಿಗೆ ಹಾಕಿದೆ.

ಫೋನ್ ಉಸಿರೆತ್ತಲಿಲ್ಲ. ಮೊಬೈಲಿನಿಂದ ಸಹಾಯವಾಣಿಗೆ ಕರೆ ಮಾಡಿದೆ.

"ವ್ಯಾನ್‌ಗೆ ಹಾಕಿ ಸಾರ್," ಎಂದ ಆ ಕಡೆಯವನು.

"ಯಾವ ವ್ಯಾನು?"

"ನೀಲಿದು ಸಾರ್. ನಿಮ್ಮ ಮುಂದೇನೇ ಇದೆ ನೋಡಿ."

ಕಿಟಕಿಯಲ್ಲಿ ಇಣುಕಿದೆ. ನಮ್ಮ ಗೇಟಿನ ಮುಂದೆ ನೀಲಿ ವ್ಯಾನ್! ಡಬ್ಬಿ ಹೊತ್ತೊಯ್ಯಲು ಬಂದ ಗ್ಯಾಂಗು!

"ಹಾಕ್ತೀನಿ ಇರು ಮಗನೇ," ಎಂದು ಓಡಿಹೋಗಿ ವ್ಯಾನಿನ ಕೀ ಕಿತ್ತುಕೊಂಡೆ. ಸೀಟಿನ ಮೇಲೆ ದೊಡ್ಡ ಗಂಟು.

"ಏನಿದು? ಬಿಚ್ಚು!"

"ಸೀರೆ ಕಣ್ರೀ," ಎಂದ ಸ್ಟೇರಿಂಗ್ ಹಿಡಿದಿದ್ದ ಹಿರಿಯ.

"ಯಾರ ಮನೇದು ಎತ್ಕೊಂಡ್ ಬಂದೆ?"

"ನಮ್ಮುಡ್ಗಿ ಮದ್ವೇದು! ರತ್ನಮ್ಮೋರ ಫೋನು ಬೆಳಗಿಂದ ಸಿಗ್ತಾ ಇಲ್ಲ ಅಂತ ನಂದಗುಡಿಯಿಂದ ಬಂದಿವ್ನಿ. ನೀನ್ಯಾವನಯ್ಯ ಕೇಳಕ್ಕೆ?"

ಕೀ ತಾನಾಗಿಯೇ ಅವನ ಕೈ ಸೇರಿತು. ವ್ಯಾನು ಸೀರೆಗಳ ಸಮೇತ ಹಿಂತಿರುಗಿತು.

ರತ್ನ ನನ್ನ ಕನ್ನಡಕ ಏರಿಸಿಕೊಂಡು ಡಬ್ಬಿ ನೋಡಿದಳು. ನೀಲಿ ತೂತಿನ ಕೆಳಗೆ ಇಂಗ್ಲಿಷಿನಲ್ಲಿ ಡಬ್ಲ್ಯೂ-ಎ-ಎನ್, 'ವ್ಯಾನ್' ಎಂದೇ ಬರೆದಿತ್ತು! ಇಂಟರ್‌ನೆಟ್ ವೈರು ಚುಚ್ಚುವ ತೂತಿನ ಹೆಸರೇ ಅದಂತೆ. ವೈರನ್ನು ಅಲ್ಲಿಗೆ ಬದಲಿಸಿದಳು. ದೀಪ ಹತ್ತಿತು.

ಸಂಜೆ ಫೋನ್ ರಿಂಗಾಯಿತು. ಮದುಮಗಳ ತಾಯಿಯ ದನಿ ನನಗೂ ಕೇಳುವಷ್ಟು ಜೋರು.

"ನಿಮ್ಮಂಥ ಹೊಲಿಗೆ ಇನ್ಯಾರ್ದೂ ಇಲ್ಲ ರತ್ನಮ್ಮ, ಆರ್ಡರ್ ನಿಮ್ಗೇನೇ. ಆದ್ರೆ ನಿಮ್ಮ ಗೇಟಲ್ಲಿದ್ನಲ್ಲ ವಾಚ್‌ಮ್ಯಾನು, ಅವನನ್ನ ಮೊದ್ಲು ಕೆಲ್ಸದಿಂದ ಬಿಡಿಸ್ಬಿಡಿ!"

ರತ್ನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬಿಡ್ಸಕ್ಕಾಗಲ್ಲ ಕಣಮ್ಮ. ಅವ್ರೇ ನಂಗೆ ತಾಳಿ ಕಟ್ಟಿರೋದು!"

ನಾನು ವಾಚ್‌ಮ್ಯಾನ್ ಅಲ್ಲ, ಸೂಪರ್‌ವೈಸರ್ ಎಂದು ತಿದ್ದಬೇಕೆನಿಸಿತು. ಅದರ ಬದಲು ಹೋಗಿ ಗೇಟು ಹಾಕಿ ಬಂದೆ.