ಹುಳುಮನೆಯಲ್ಲಿ ವಿಶ್ವಚಿತ್ರ

"ಶಿಡ್ಲಘಟ್ಟಾನ ನಾನು ನಗಿಸ್ತೀನಿ ಕಣೇ. ಯಾವನೋ ಕಾಲು ಜಾರಿ ಸಗಣಿಗೆ ಬಿದ್ದ ಅಂತ ನಗೋ ನಗು ಅಲ್ಲ. ಮೇಲ್ದರ್ಜೆ ನಗು. ಲೋಕದಲ್ಲಿ ಬುದ್ಧಿ ಇರೋರು ನಗೋ ನಗು!"

ಪುಟ್ಟಸ್ವಾಮಯ್ಯ ಮೇಷ್ಟರು ಹೆಂಡತಿ ಗೋದಮ್ಮನವರ ಮುಂದೆ ಈ ಶಪಥ ಮಾಡಿದ್ದು ಅರವತ್ತಮೂರನೇ ಇಸವಿಯ ಮಾರ್ಚ್ ತಿಂಗಳಲ್ಲಿ. ಗೋದಮ್ಮನವರು ಹುರುಳಿಕಾಳು ಆರಿಸುತ್ತಿದ್ದರು. ತಲೆಯೆತ್ತದೆ, "ಮೊದಲು ನೀವು ನಗೋದು ಕಲೀರಿ. ಮದುವೆ ಫೋಟೋದಲ್ಲೂ ಫೋಟೋದವನ ಮೇಲೆ ಕೋಪ ಮಾಡ್ಕೊಂಡು ಕೂತಿದೀರಿ" ಎಂದರು.

ಕಳೆದ ತಿಂಗಳು ನಮ್ಮ ಹೈಸ್ಕೂಲಿನಲ್ಲಿ ಮೇಷ್ಟರಿಗೆ ಸಂತಾಪ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ಶಾಂತಮೂರ್ತಿ ಎಂದರು. ಒಬ್ಬರಂತೂ ಅವರು ಜನ್ಮದಲ್ಲೇ ಸಿಟ್ಟಾದವರಲ್ಲ ಎಂದರು. ಹಾಗೆ ಹೇಳಿದವರು ಯಾರೂ ಅವರ ಪಕ್ಕ ಕೂತು ಸಿನಿಮಾ ನೋಡಿದವರಲ್ಲ. ನಾನು ಹನ್ನೊಂದು ವರ್ಷ ನೋಡಿದ್ದೇನೆ. ಆ ಸಿಟ್ಟು ಇಲ್ಲದೆ ನಮ್ಮ ಸ್ಟಾಫ್ ರೂಮು ಒಂದು ತಿಂಗಳಿಂದ ಉಪ್ಪಿಲ್ಲದ ಸಾರಿನಂತಿದೆ. ಇಲ್ಲದ ಶಾಂತಿಯನ್ನು ಸತ್ತ ಮೇಲೆ ಅವರಿಗೆ ಅಂಟಿಸುವುದು ಅನ್ಯಾಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಿಂಗಳಿಗೊಂದು ಭಾನುವಾರ ಚಿಕ್ಕ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿನ ಒಂದು ಚಿತ್ರಸಂಘದಲ್ಲಿ ಪರದೇಶದ ಚಿತ್ರ ನೋಡಿ ಬರುವುದು ಮೇಷ್ಟರ ವ್ರತ. ಬಂದವರೇ ಒಂದು ನೋಟುಬುಕ್ಕಿನಲ್ಲಿ ತಮ್ಮ ಅಭಿಪ್ರಾಯ ಬರೆಯುತ್ತಿದ್ದರು. ಆ ನೋಟುಬುಕ್ಕುಗಳನ್ನು ಗೋದಮ್ಮನವರು ಈಗ ನನಗೆ ಕೊಟ್ಟಿದ್ದಾರೆ. ಒಂದು ಪುಟದಲ್ಲಿ ಹೀಗಿದೆ: "ಸ್ವೀಡನ್ ದೇಶದ ಚಿತ್ರ. ಗಂಡ ಹೆಂಡತಿ ಒಂದೂವರೆ ಗಂಟೆ ಕಿಟಕಿಯ ಆಚೆ ನೋಡಿದರು. ಆಚೆ ಏನಿತ್ತೆಂದು ನಮಗೆ ತೋರಿಸಲಿಲ್ಲ. ಇದು ಮೋಸ. ಆದರೂ ಊರು ಬರುವ ತನಕ ಯಾರ ಜೊತೆಯೂ ಮಾತಾಡಬೇಕೆನಿಸಲಿಲ್ಲ." ಇನ್ನೊಂದು ಪುಟದಲ್ಲಿ: "ಇಟಲಿಯ ಚಿತ್ರ. ನಾಯಕ ಹೆಂಡತಿಗೆ ನಿಜ ಹೇಳಿದ್ದರೆ ಎರಡನೇ ರೀಲಿನಲ್ಲೇ ಮುಗಿಯುತ್ತಿತ್ತು. ಇವನಿಂದಾಗಿ ನನ್ನ ರೈಲು ತಪ್ಪಿತು."

ಇಂಥ ಚಿತ್ರಗಳನ್ನು ಊರಿಗೇ ತರಬೇಕು, ಶಿಡ್ಲಘಟ್ಟದಲ್ಲಿ ಸಂಘದ ಶಾಖೆ ತೆರೆಯಬೇಕು ಎನ್ನುವುದು ಅವರ ಜೀವದಾಸೆ. ಮೂರು ವರ್ಷ ಕಾಗದ ಬರೆದರು. ಕೊನೆಗೆ ಕಾರ್ಯದರ್ಶಿ ವರದರಾಜ ಅವರಿಂದ ಉತ್ತರ ಬಂತು. "ಗ್ರಾಮಾಂತರದ ಪ್ರೇಕ್ಷಕರು ಇಂಥ ಚಿತ್ರಗಳಿಗೆ ಸ್ಪಂದಿಸುವರೇ ಎಂದು ಸಮಿತಿಗೆ ಅನುಮಾನವಿದೆ. ನಾನೇ ಒಂದು ಚಿತ್ರ ತಂದು ತೋರಿಸಿ, ಜನರನ್ನು ನೋಡಿ, ಶಾಖೆಯ ವಿಷಯ ತೀರ್ಮಾನಿಸುತ್ತೇನೆ."

"ಗ್ರಾಮಾಂತರವಂತೆ! ಅನುಮಾನವಂತೆ!" ಎಂದು ಮೇಷ್ಟರು ಆ ಕಾಗದವನ್ನು ಇಡೀ ಸ್ಟಾಫ್ ರೂಮಿಗೆ ಎರಡು ಸಲ ಓದಿದರು.

ಯಾವ ಚಿತ್ರ ಎಂಬುದನ್ನು ಅವರೇ ಆರಿಸಿದರು. ಊರಿನ ಟೂರಿಂಗ್ ಟಾಕೀಸಿನಿಂದ ಜನ ವಾರವಾರವೂ ಅತ್ತು ಕಣ್ಣು ಊದಿಸಿಕೊಂಡು ಬರುವುದು ಅವರಿಗೆ ಆಗಿಬರುತ್ತಿರಲಿಲ್ಲ. ಆದ್ದರಿಂದ ಹಾಸ್ಯಚಿತ್ರವೇ ಬೇಕೆಂದರು. ಯೂರೋಪಿನ ಯಾವುದೋ ಚಳಿ ದೇಶದ ಹಳೆಯ ಮೂಕಿ ಚಿತ್ರ. ಐದು ಜನ ವಾಲಗದವರು ಗುಡ್ಡದಾಚೆಯ ಮದುವೆಗೆ ಹೊರಟಿದ್ದಾರೆ. ಅವರ ದೊಡ್ಡ ಡೋಲು ಕೈತಪ್ಪಿ ಉರುಳತೊಡಗುತ್ತದೆ. ಕೆರೆ, ಬೆಣ್ಣೆ ಅಂಗಡಿ, ಚರ್ಚು ಎಲ್ಲ ಹಾಯ್ದು ಉರುಳುತ್ತದೆ, ಐವರೂ ಅದರ ಹಿಂದೆ ಓಡುತ್ತಾರೆ. ಇಷ್ಟೇ ಕಥೆ. ಕಲ್ಲು ಕೂಡ ನಗಬೇಕು ಎಂದು ಮೇಷ್ಟರು ನನಗೆ ಭರವಸೆ ಕೊಟ್ಟಿದ್ದರು.

ತೊಡಕು ಒಂದೇ. ರೀಲುಗಳು ಅದೇ ಸಂಜೆ ಬೆಂಗಳೂರಿಗೆ ವಾಪಸ್ಸಾಗಬೇಕು. ಹಾಗಾಗಿ ಆಟ ಹಗಲಲ್ಲೇ ನಡೆಯಬೇಕು, ಹಗಲಲ್ಲೇ ಕತ್ತಲೆ ಬೇಕು. ನಮ್ಮ ಸ್ಕೂಲಿನ ಹಾಲಿನ ಕಿಟಕಿಗಳಿಗೆ ಬಾಗಿಲೇ ಇಲ್ಲ. ಆಗ ನೆನಪಾದದ್ದು ರಾಮಾಂಜಿನಪ್ಪನ ಹುಳುಮನೆ. ಊರಂಚಿನಲ್ಲಿ ಅವನ ಮನೆಯವರು ರೇಷ್ಮೆಹುಳು ಸಾಕುವ ಉದ್ದನೆಯ ಮನೆ ಅದು. ಒಂದು ಬೆಳೆ ಮುಗಿದು ಗೂಡು ಮಾರಿದ್ದರು, ಮನೆ ಖಾಲಿ ಇತ್ತು.

"ತಗೊಳ್ಳಿ ಮೇಷ್ಟ್ರೇ, ಅದಕ್ಕೇನು" ಎಂದ ರಾಮಾಂಜಿನಪ್ಪ. "ನಾನು ಸಾದಲಿಗೆ ಹೋಗ್ತಾ ಇದೀನಿ, ಭಾವಮೈದನ ಮನೇಲಿ ನಾಮಕರಣ. ಬೀಗದ ಕೈ ನಮ್ಮಮ್ಮನ ಹತ್ರ ಇರ್ತದೆ."

ಇಲ್ಲಿ ಒಂದು ಮಾತು ಹೇಳಬೇಕು. ಒಂದು ಬೆಳೆ ಮುಗಿದು ಇನ್ನೊಂದು ಬೆಳೆಯ ಹುಳು ಬರುವ ಮೊದಲು ಹುಳುಮನೆಗೆ ಫಾರ್ಮಲಿನ್ ಔಷಧಿ ಹೊಡೆಯುತ್ತಾರೆ. ಹಳೆಯ ರೋಗ ಉಳಿಯಬಾರದೆಂದು ಕಿಟಕಿ ಸಂದುಗಳಿಗೆಲ್ಲ ಕಾಗದ ಅಂಟಿಸಿ ಒಂದು ದಿನ ಮುಚ್ಚಿಟ್ಟು, ಆಮೇಲೆ ಎಲ್ಲ ತೆಗೆದು ಗಾಳಿಗೆ ಬಿಡುತ್ತಾರೆ. ರಾಮಾಂಜಿನಪ್ಪ ಶುಕ್ರವಾರ ಔಷಧಿ ಹೊಡೆಸಿ, ಶನಿವಾರ ಕಿಟಕಿ ತೆಗೆಸುವಂತೆ ತಾಯಿಗೆ ಹೇಳಿ ಬಸ್ಸು ಹತ್ತಿದ್ದ. ನಮ್ಮ ಊರಿನ ಹುಳು ಸಾಕುವ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿಲ್ಲದಿದ್ದದ್ದು ಇತಿಹಾಸ ಪಾಠ ಮಾಡುವ ಮೇಷ್ಟರಿಗೆ ಮತ್ತು ನನಗೆ.

ಶನಿವಾರ ಬೆಳಿಗ್ಗೆ ಅವರು ನನ್ನನ್ನೂ ಕರೆದುಕೊಂಡು ಮನೆ ನೋಡಲು ಹೋದರು. ಕಿಟಕಿಗಳೆಲ್ಲ ಮುಚ್ಚಿ, ಒಂದು ಸಂದೂ ಬಿಡದೆ ಕಾಗದ ಅಂಟಿಸಿದ್ದು ಕಂಡು ಅವರು ನನ್ನ ಕಡೆ ತಿರುಗಿದರು. "ನೋಡಿದ್ಯಾ, ಓದು ಬರಹ ಇಲ್ಲದ ಮನುಷ್ಯ. ಸಿನಿಮಾಕ್ಕೆ ಕತ್ತಲೆ ಬೇಕು ಅಂತ ತಾನೇ ತಿಳಕೊಂಡು ಮಾಡಿಸಿ ಹೋಗಿದಾನೆ. ಬೆಂಗಳೂರಿನೋನಿಗೆ ಈ ಸೂಕ್ಷ್ಮ ಇದೆಯಾ?"

ನನಗೆ ಆ ವಾರ ಮೂಗು ಕಟ್ಟುವಷ್ಟು ನೆಗಡಿ. ಮೇಷ್ಟರ ಮೂಗು ಇಪ್ಪತ್ತು ವರ್ಷದ ನಶ್ಯದಿಂದ ಕೆಲಸ ಬಿಟ್ಟಿತ್ತು. ರಾಮಾಂಜಿನಪ್ಪನ ತಾಯಿ ಕದಿರಮ್ಮ ಮಾತ್ರ ಸೆರಗನ್ನು ಮೂಗಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಕಿಟಕಿ ತೆಗೀಬೇಕಂತೆ ಮೇಷ್ಟ್ರಪ್ಪಾ. ನಮ್ಮೋನು ಹೇಳಿ ಹೋಗವ್ನೆ."

"ತೆಗೆದ್ರೆ ಸಿನಿಮಾ ಎಲ್ಲಿ ಕಾಣುತ್ತೆ ಕದಿರಮ್ಮ?"

"ಔಷಧಿ ಗಾಳಿ ಹೋಗಬೇಕಂತೆ."

"ನಾಳೆ ಸಿನಿಮಾ ಆದ ಮೇಲೆ ಹೋಗಲಿ. ಅಲ್ಲೀತನಕ ಒಂದು ಕಿಟಕೀನೂ ಮುಟ್ಟಬಾರದು. ಬಾಗಿಲೂ ಹಾಕು."

"ಏಮೋ ನಾಯನಾ, ನಂಗೇನು ಗೊತ್ತು. ಓದಿದೋರು ನೀವು" ಎಂದು ಮುದುಕಿ ಬೀಗ ಹಾಕಿಕೊಂಡು ಹೋದಳು.

ಭಾನುವಾರ ಹನ್ನೊಂದು ಗಂಟೆಗೆ ಅರವತ್ತು ಜನ ಸೇರಿದರು. ಒಳಗೆ ಕಾಲಿಟ್ಟವರಿಗೆ ವಾಸನೆ ತಿಳಿಯಿತು. ಆದರೆ ಕರೆದವರು ಮೇಷ್ಟರು, ಬೆಂಗಳೂರಿನಿಂದ ಬೇರೆ ದೊಡ್ಡವರು ಬಂದಿದ್ದಾರೆ, ಹೇಗೆ ಹೇಳುವುದೆಂದು ಯಾರೂ ಬಾಯಿಬಿಡಲಿಲ್ಲ. ವರದರಾಜ ಅವರು ಹುಳುಮನೆ ಅಂದರೆ ಇಂಥ ವಾಸನೆಯೇ ಇರಬೇಕೆಂದು ತಿಳಿದು, ಪ್ರೊಜೆಕ್ಟರಿಗೆ ರೀಲು ಏರಿಸಿದರು. ಸುಣ್ಣದ ಗೋಡೆಯೇ ಪರದೆ. ಬಾಗಿಲು ಹಾಕಲಾಯಿತು.

ಡೋಲು ಇನ್ನೂ ಗುಡ್ಡದ ಮೇಲೇ ಇತ್ತು, ಮುಂದಿನ ಸಾಲಿನಲ್ಲಿ ಯಾರೋ ಮೂಗೆಳೆದರು. ಡೋಲು ಉರುಳಿ ಕೆರೆಗೆ ಬೀಳುವ ಹೊತ್ತಿಗೆ ಇಡೀ ಮನೆ ಸೊರಸೊರ ಮೂಗೆಳೆಯತೊಡಗಿತು. ಮೇಷ್ಟರು ಹಿಂದೆ ತಿರುಗಿ ನೋಡಿದರು. ಪರದೆಯ ಬೆಳಕಿನಲ್ಲಿ ಅರವತ್ತು ಮುಖ ಹೊಳೆಯುತ್ತಿದ್ದವು. ಗಂಡಸರು ಟವೆಲಿನಲ್ಲಿ, ಹೆಂಗಸರು ಸೆರಗಿನಲ್ಲಿ ಕಣ್ಣೊರೆಸುತ್ತಿದ್ದರು. ಸ್ಟೇಷನ್ ಹತ್ತಿರ ಟೀ ಅಂಗಡಿ ಇಟ್ಟಿದ್ದ ನಲ್ಲಪ್ಪ ಮೂಲೆಯಲ್ಲಿ, ಔಷಧಿ ಹೊಡೆದ ಚಾಪೆಗಳ ರಾಶಿಗೆ ಒರಗಿ ಕೂತಿದ್ದ. ಅವನಂತೂ ಹೆತ್ತವರನ್ನು ಕಳಕೊಂಡವನ ಹಾಗೆ ಗೊಳೋ ಎನ್ನುತ್ತಿದ್ದ.

ಮೇಷ್ಟರ ಕೋಪ ನೆತ್ತಿಗೇರಿತು. ತಮ್ಮ ಕಣ್ಣಲ್ಲೂ ನೀರು ಸುರಿಯುತ್ತಿದ್ದುದನ್ನು ಅವರು ಆ ಕೋಪಕ್ಕೇ ಸೇರಿಸಿಕೊಂಡರು. ಎದ್ದು ನಿಂತು, "ನಗ್ರಯ್ಯಾ, ಇದು ಹಾಸ್ಯ" ಎಂದರು.

"ಹೆಂಗೆ ನಗೋದು ಮೇಷ್ಟ್ರೇ" ಎಂದಳು ಕತ್ತಲಲ್ಲಿ ಓಬಳಮ್ಮ, ಅವರ ಮನೆಗೆ ಹಾಲು ಹಾಕುವವಳು. "ಎದೆಯೆಲ್ಲ ಉರೀತದೆ."

"ಬೆಣ್ಣೆ ಅಂಗಡಿ ಒಳಗೆ ಡೋಲು ನುಗ್ತಾ ಇದೆ. ಅದನ್ನ ನೋಡಿ ಎದೆ ಉರಿಯೋ ಅಂಥದ್ದು ಏನಿದೆಯಮ್ಮಾ?"

"ಕೂತ್ಕೊಳ್ಳಿ ಮೇಷ್ಟರೇ" ಎಂದು ಪ್ರೊಜೆಕ್ಟರಿನ ಹಿಂದಿನಿಂದ ಗದ್ಗದ ದನಿ ಬಂತು. ವರದರಾಜ ಕನ್ನಡಕ ತೆಗೆದು ಕಣ್ಣೊತ್ತಿಕೊಳ್ಳುತ್ತಿದ್ದರು. "ಅವರನ್ನ ಅಳೋಕೆ ಬಿಡಿ."

ನಲವತ್ತು ನಿಮಿಷದ ಚಿತ್ರ ಮುಗಿದು ಬಾಗಿಲು ತೆರೆದಾಗ ಜನ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಬಂದರು. ಕೆಂಪು ಕಣ್ಣಿನ ಆ ಗುಂಪನ್ನು ಕಂಡು ರಸ್ತೆಯಲ್ಲಿ ಹೋಗುತ್ತಿದ್ದ ಜಟಕಾದವನು ಗಾಡಿ ನಿಲ್ಲಿಸಿ, ರುಮಾಲು ತೆಗೆದು, "ಯಾರು ಹೋಗಿದ್ದು?" ಎಂದು ಮೆಲ್ಲಗೆ ಕೇಳಿದ.

ವರದರಾಜ ಮೇಷ್ಟರ ಎರಡೂ ಕೈ ಹಿಡಿದುಕೊಂಡರು. "ಈ ಚಿತ್ರಾನ ಒಂಬತ್ತು ಸಲ ತೋರಿಸಿದೀನಿ. ಒಂಬತ್ತು ಸಲಾನೂ ಬೆಂಗಳೂರು ನಕ್ಕಿತು. ನಾನೂ ನಕ್ಕೆ. ಈಗ ನಾಚಿಕೆಯಾಗುತ್ತೆ."

"ಅದು ಹಾಸ್ಯಚಿತ್ರ ಸ್ವಾಮಿ."

"ಹಾಗಂತ ನಾವು ತಿಳಿದಿದ್ವಿ" ಎಂದು ಅವರು ನಲ್ಲಪ್ಪನ ಕಡೆ ತಿರುಗಿ, "ನಿಮಗೆ ಏನನ್ನಿಸಿತು, ಸ್ವಲ್ಪ ಹೇಳಿ" ಎಂದರು.

ನಲ್ಲಪ್ಪ ಬಾಯಿ ತೆರೆದ, ಮುಚ್ಚಿದ. "ಮಾತು ಬರಲ್ಲ ಸ್ವಾಮಿ. ಗಂಟಲು ಹಿಡಕೊಂಡದೆ."

ವರದರಾಜ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಇತ್ತ ಕದಿರಮ್ಮ ಒಂದೊಂದೇ ಕಿಟಕಿ ತೆಗೆಯುತ್ತ, "ಔಷಧಿ ಹೊಡೆದ ಮನೇಲಿ ಹುಳಾನೇ ಬಿಡಲ್ಲ, ಇವರು ಜನಾನ ಬಿಟ್ಟವ್ರೆ" ಎಂದು ಗೊಣಗುತ್ತಿದ್ದಳು. ಮೇಷ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖದಲ್ಲಿ ವಿಷಯ ಇಳಿಯುವುದು ನನಗೆ ಕಾಣಿಸಿತು. ಅಷ್ಟರಲ್ಲಿ ವರದರಾಜ, "ಶಾಖೆ ಆಯ್ತು ಅಂದ್ಕೊಳ್ಳಿ" ಎಂದು ಹೇಳಿ ಜಟಕಾ ಹತ್ತಿ ಸ್ಟೇಷನ್ನಿಗೆ ಹೊರಟೇಹೋದರು.

ಎರಡು ವಾರಕ್ಕೆ ಸಂಘದ ಇಂಗ್ಲಿಷ್ ಪತ್ರಿಕೆ ಬಂತು. ಅದರಲ್ಲಿ ವರದರಾಜ ಅವರದು ನಾಲ್ಕು ಪುಟದ ಲೇಖನ. ಡೋಲು ಮನುಷ್ಯನ ಕೈತಪ್ಪಿದ ವಿಧಿ, ಐದು ವಾಲಗದವರು ಪಂಚೇಂದ್ರಿಯಗಳು, ಇದನ್ನು ನಮಗೆ ಕಲಿಸಿದವರು ಶಿಡ್ಲಘಟ್ಟದ ರೈತರು ಎಂದು ಬರೆದಿದ್ದರು. ಮೇಷ್ಟರು ಪತ್ರಿಕೆಯನ್ನು ನಡುಮನೆಯಲ್ಲಿ ಎಸೆದರು.

"ಡೋಲನ್ನ ಡೋಲು ಅನ್ನೋಕೂ ಬಿಡಲ್ವಾ ಇವನು? ನಿಜ ಬರೀತೀನಿ."

"ಬರೀರಿ" ಎಂದರು ಗೋದಮ್ಮ. "ಮೂರು ವರ್ಷ ಕಾದಿದ್ದು ಇದಕ್ಕೇನಾ? ಶಾಖೆ ಮಂಜೂರಾದ ಕಾಗದ ಬಂದ ಮೇಲಾದ್ರೂ ಬರೀರಿ."

"ಆ ಚಿತ್ರ ಮಾಡಿದೋನಿಗೆ ಇದು ಅವಮಾನ ಕಣೇ."

"ಅವನೇನು ಶಿಡ್ಲಘಟ್ಟಕ್ಕೆ ಬಂದು ನಿಮ್ಮನ್ನ ಕೇಳ್ತಾನಾ?"

ನಾನೂ ಬೇಡವೆಂದೆ. ಅವರು ಕೇಳಲಿಲ್ಲ. ಶಾಖೆ ಕೈಬಿಟ್ಟುಹೋಗುವುದೆಂದು ಗೊತ್ತಿದ್ದೂ, ಫಾರ್ಮಲಿನ್ನಿನಿಂದ ಹಿಡಿದು ನಶ್ಯದವರೆಗೆ ಎಲ್ಲ ಒಪ್ಪಿಕೊಂಡು ಆರು ಪುಟ ಬರೆದರು. ಕೊನೆಯಲ್ಲಿ, "ಅದು ಹಾಸ್ಯಚಿತ್ರ, ನಮ್ಮ ಜನಕ್ಕೆ ಉಸಿರಾಡಲು ಬಿಟ್ಟಿದ್ದರೆ ನಗುತ್ತಿದ್ದರು" ಎಂದು ಸೇರಿಸಿದರು. ಅಂಚೆಪೆಟ್ಟಿಗೆಗೆ ಹಾಕಿ ಬಂದ ದಿನ ಊಟ ಮಾಡಲಿಲ್ಲ.

ಉತ್ತರ ಬರಲು ಒಂದು ತಿಂಗಳು ಹಿಡಿಯಿತು. ಮೇಷ್ಟರಿಗೆ ಒಡೆಯಲು ಧೈರ್ಯ ಬರಲಿಲ್ಲ. ನಾನೇ ಒಡೆದು ಓದಿದೆ.

"ನಿಮ್ಮ ವಿನೋದಪೂರ್ಣ ಪತ್ರವನ್ನು ಸಮಿತಿ ಮೆಚ್ಚಿಕೊಂಡಿತು. ತಮ್ಮ ಊರಿನವರ ಅಂತಃಕರಣವನ್ನು ಔಷಧಿಯೆಂದು ತಳ್ಳಿಹಾಕುವ ನಿಮ್ಮ ವಿನಯ ದೊಡ್ಡದು. ಶಾಖೆ ಮಂಜೂರಾಗಿದೆ. ಪ್ರದರ್ಶನಗಳು ಅದೇ ಮನೆಯಲ್ಲಿ, ಅದೇ ವಾತಾವರಣದಲ್ಲಿ ನಡೆಯತಕ್ಕದ್ದು. ಆದರೆ ಚಿತ್ರವನ್ನು ಈಗಲೂ ಹಾಸ್ಯವೆಂದೇ ನಂಬಿರುವ ನಿಮಗಿಂತ, ಇನ್ನಷ್ಟು ಆಳದ ರಸಿಕರೊಬ್ಬರು ಶಾಖೆಯ ಸಂಚಾಲಕರಾಗುವುದು ಒಳಿತೆಂದು ಸಮಿತಿಯ ಅಭಿಪ್ರಾಯ. ಶ್ರೀ ನಲ್ಲಪ್ಪನವರನ್ನು ನೇಮಿಸಲಾಗಿದೆ."

ಮೇಷ್ಟರು ಕಾಗದ ಕಿತ್ತುಕೊಂಡು ತಾವೇ ಓದಿದರು. ಅದರಲ್ಲಿ ಬೇರೇನೂ ಇರಲಿಲ್ಲ. ನಶ್ಯದ ಡಬ್ಬಿ ತೆಗೆದು, ನಶ್ಯ ಏರಿಸುವುದನ್ನು ಮರೆತು ಮುಚ್ಚಿಟ್ಟುಕೊಂಡು, ಸ್ಟೇಷನ್ ಕಡೆ ನಡೆದರು. ನಾನು ಹಿಂದೆ ಓಡಿದೆ.

ನಲ್ಲಪ್ಪ ಟೀ ಸೋಸುತ್ತಿದ್ದವನು ಪೂರ್ತಿ ಕೇಳಿಸಿಕೊಂಡ. "ಸಂಚಾಲಕ ಅಂದ್ರೆ ಏನು ಮಾಡಬೇಕು ಮೇಷ್ಟ್ರೇ?"

"ಜನಾನ ಸೇರಿಸಬೇಕು. ರೀಲಿನ ಡಬ್ಬಿ ರೈಲಿನಿಂದ ಇಳಿಸಿಕೋಬೇಕು."

"ಅಂಗಡಿ ಮುಂದೇನೇ ರೈಲು. ಮಾಡಣ."

"ಪ್ರತಿ ಚಿತ್ರ ಆದ ಮೇಲೆ ಶಾಖೆ ಅಭಿಪ್ರಾಯ ಬರೆದು ಬೆಂಗಳೂರಿಗೆ ಕಳಿಸಬೇಕು" ಎಂದರು ಮೇಷ್ಟರು, ಈಗ ಸಿಕ್ಕಿಬಿದ್ದ ಎನ್ನುವ ದನಿಯಲ್ಲಿ.

ನಲ್ಲಪ್ಪ ಇಬ್ಬರ ಮುಂದೂ ಟೀ ಲೋಟ ಇಟ್ಟ. "ಅದನ್ನ ನೀವು ಬರಕೊಡಿ ಮೇಷ್ಟ್ರೇ. ಅಳೋದು ನನಗೆ ಬಿಡಿ."

ಮೇಷ್ಟರು ಹಲ್ಲು ಕಡಿದರು. ಆಮೇಲೆ ಐದು ವರ್ಷ, ತಿಂಗಳಿಗೊಂದರಂತೆ, ತಮ್ಮ ಕೊನೆಯ ತಿಂಗಳವರೆಗೂ ಬರೆದುಕೊಟ್ಟರು.